ಕದ ಬಡಿಯುವ ಪಾಳಿ

ಪುಣೆ
ಮಂಗಳವಾರ, ೧೧ ಫೆಬ್ರವರಿ ೨೦೨೫

ಪ್ರೀತಿಯ ನೀಲೂ,

ನಿನ್ನ ಪತ್ರ ನಿನ್ನೆ ಕೈಸೇರಿತು. ಫೋನಿನಲ್ಲಿ ಎರಡು ನಿಮಿಷದಲ್ಲಿ ಮುಗಿಯುವ ಮಾತನ್ನು ನಾಲ್ಕು ಹಾಳೆ ಬರೆದು, ಧಾರವಾಡದ ಪೋಸ್ಟಿನವರೆಗೆ ಆ ಮೊಣಕಾಲಿನಲ್ಲಿ ನಡೆದು ಹೋಗಿ ಕಳಿಸಿದ್ದೀಯೆಂದರೆ ನಿನ್ನ ಸಿಟ್ಟು ಎಷ್ಟು ಗಟ್ಟಿಯೆಂದು ಗೊತ್ತಾಯಿತು. ನಿನ್ನ ಯಜಮಾನರು ಮಧುಕರರು ಕೋಲು ಹಿಡಿದು ಅಂಗಳದವರೆಗೆ ಬರುತ್ತಾರೆ, ಎಡಗೈಯಿಂದ ತಾವೇ ಉಣ್ಣುತ್ತಾರೆ ಎಂಬುದನ್ನು ಮೂರು ಸಲ ಓದಿದೆ. ಆಪರೇಶನ್ ಆದ ನಿನ್ನ ಕಾಲು ಹೇಗಿದೆ ಎಂಬುದನ್ನು ಮಾತ್ರ ನೀನು ಬರೆದಿಲ್ಲ. ಕಾಲೇಜಿನಿಂದಲೂ ನಿನ್ನದು ಇದೇ ಚಾಳಿ.

ನೀನು ಕೇಳಿದ್ದು ಒಂದೇ ಒಂದು. ಡಿಸೆಂಬರಿನಲ್ಲಿ ಹಡಗಿನ ಮೇಲೆ ಮಧುಕರರಿಗೆ ಲಕ್ವಾ ಹೊಡೆದ ಬೆಳಿಗ್ಗೆ ಸಿದ್ದಲಿಂಗಪ್ಪ ಏನು ಮಾಡಿದರು, ಏನು ಮಾಡಲಿಲ್ಲ ಎಂಬುದನ್ನು ನಾನು ಕಣ್ಣಾರೆ ಕಂಡವಳಾಗಿ ಬರೆದುಕೊಡಬೇಕು. ಇಪ್ಪತ್ಮೂರರ ರವಿವಾರ ನಮ್ಮ ಹಡಗಿನ ಪ್ರವಾಸದ ಮಂಡಳಿಯ ಸಭೆಯಲ್ಲಿ ಅದನ್ನು ಓದಿಸಬೇಕು, ಅವರನ್ನು ಎಲ್ಲರೆದುರು ಹೊರಗೆ ಹಾಕಿಸಬೇಕು. ಬರೆದುಕೊಡದಿದ್ದರೆ ನಲವತ್ತೈದು ವರ್ಷದ ಗೆಳೆತನ ಇಲ್ಲಿಗೆ ಸಾಕು ಎಂದೂ ಬರೆದಿದ್ದೀಯ.

ಬರೆಯುತ್ತೇನೆ. ಆದರೆ ಸಭೆಯಲ್ಲಿ ಓದುವ ಪತ್ರವೆಂದ ಮೇಲೆ, ಈ ಜನರ ಬಗ್ಗೆ ನಾಲ್ಕು ವರ್ಷದಿಂದ ನನ್ನ ಮನಸ್ಸಿನಲ್ಲಿರುವುದನ್ನೂ ಅವರು ಕೂತು ಕೇಳಲಿ. ನಿನಗೆ ಗೊತ್ತಿರುವುದೇ ಇದ್ದರೂ ನಡುವೆ ಏನನ್ನೂ ಬಿಡದೆ ಓದಿಸು.

ಸಮುದ್ರವಿಲ್ಲದ ಊರಿನಲ್ಲಿ ಹಡಗಿನ ಹುಚ್ಚು! ಖಡಕವಾಸಲಾ ಅಣೆಕಟ್ಟಿನಿಂದ ನೀರು ಬಿಟ್ಟರೆ ನದಿ, ಬಿಡದಿದ್ದರೆ ಗಟಾರ, ಇಂಥ ಮುಠಾ ದಂಡೆಯ ಮೇಲೆ ಕೂತು ಇವರು ಹತ್ತನೇ ಡೆಕ್ಕು, ಹನ್ನೊಂದನೇ ಡೆಕ್ಕು ಎಂದು ಮಾತಾಡುತ್ತಾರೆ. ತಿಂಗಳಿಗೊಮ್ಮೆ ಸ್ವಾರಗೇಟದ ಹತ್ತಿರ ಭೀಮವ್ವನ ಖಾನಾವಳಿಯ ಅಟ್ಟದ ಮೇಲೆ ಸಭೆ. ಕೆಳಗೆ ಎಸ್‌ಟಿ ಬಸ್ಸು ಹಾರ್ನ್ ಹೊಡೆದರೆ ಹಡಗೇ ಕೂಗಿದಂತೆ ಇವರ ಮುಖ ಅರಳುತ್ತದೆ. ವರ್ಷವಿಡೀ ಚಿಲ್ಲರೆ ಕೂಡಿಸಿ ನಾಲ್ಕು ರಾತ್ರಿ ಹಡಗಿನಲ್ಲಿ ಮಲಗಿ ಬರುತ್ತಾರೆ, ಉಳಿದ ಮುನ್ನೂರ ಅರವತ್ತೊಂದು ದಿನ ಅದನ್ನೇ ಅಗಿಯುತ್ತಾರೆ.

ಪ್ರಲ್ಹಾದರನ್ನು ತೆಗೆದುಕೋ. ಪೋಸ್ಟಾಫೀಸಿನಲ್ಲಿ ಮೂವತ್ತು ವರ್ಷ ಬೇರೆಯವರ ಪತ್ರ ವಿಂಗಡಿಸಿ ನಿವೃತ್ತರಾದ ಮನುಷ್ಯ. ಹೋದ ಪ್ರತಿ ಹಡಗಿನ ಕೋಣೆಯ ಬೀಗದ ಕಾರ್ಡನ್ನು ಆಲ್ಬಮ್ಮಿನಲ್ಲಿ ಅಂಟಿಸಿಟ್ಟಿದ್ದಾರೆ. ಮನೆಗೆ ಹೋದರೆ ಚಹಾಕ್ಕಿಂತ ಮೊದಲು ಆಲ್ಬಮ್ ಬರುತ್ತದೆ. ಮೊಮ್ಮಕ್ಕಳ ಫೋಟೋ ಇರಬೇಕೆಂದು ನಾನು ಕನ್ನಡಕ ಹಾಕಿಕೊಂಡು ಕೂತಿದ್ದೆ.

ಭೀಮವ್ವನಿಗೆ ನೀರೆಂದರೆ ಹೆದರಿಕೆ. ಹಡಗಿನಲ್ಲಿ ಐದು ಹೊತ್ತು ಪುಕ್ಕಟೆ ಊಟ ಹಾಕುತ್ತಾರೆ, ಇವಳು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದು ಸಮುದ್ರಕ್ಕೆ ಬೆನ್ನು ತಿರುಗಿಸಿ ಕೂತು ತಿನ್ನುತ್ತಾಳೆ. ಕೋಣೆಗೆ ಇಬ್ಬರಂತೆ ಜೋಡಿ ಹಾಕುವಾಗ ಇವಳು ಪ್ರತಿ ಸಲ ನನ್ನ ಪಾಲಿಗೇ ಬರುತ್ತಾಳೆ. ನೀರು ನೋಡಲಾರದವಳು ಹಡಗಿಗೆ ಯಾಕೆ ಬರುತ್ತೀ ಎಂದು ಒಮ್ಮೆ ಕೇಳಿದೆ. "ನಾಕ ದಿನಾ ಯಾರೂ ಅವ್ವಾ ತಾಟ ಹಚ್ಚು ಅನ್ನಂಗಿಲ್ಲಲ್ಲರೀ ಬಾಯಾರ, ಅದಕ್ಕ" ಎಂದಳು. ಅಷ್ಟೇ ಬೇಕಾದರೆ ನಾಲ್ಕು ದಿನ ಖಾನಾವಳಿಗೆ ಬೀಗ ಹಾಕಿ ಮಲಗಬಹುದಿತ್ತು ಎಂದೆ. ಬೀಗ ಹಾಕಿದರೂ ಬಾಗಿಲು ಬಡಿಯುತ್ತಾರೆ ಎಂದಳು.

ಇನ್ನು ನಮ್ಮ ಮಂಡಳಿಯ ಅಧ್ಯಕ್ಷರು ಸಿದ್ದಲಿಂಗಪ್ಪ. ಗೋಕಾಕದಿಂದ ಬಂದು ಚಾಕಣದ ಕಾರಿನ ಬಿಡಿಭಾಗದ ಕಾರಖಾನೆಯಲ್ಲಿ ಇಪ್ಪತ್ತಾರು ವರ್ಷ ಸ್ಟೋರ್ ಕೀಪರ್ ಆಗಿದ್ದವರು. ನಟ್ಟು ಬೋಲ್ಟು ಎಣಿಸಿದ ಕೈ ಈಗ ನಮ್ಮನ್ನು ಎಣಿಸುತ್ತದೆ. ಬಿಳಿ ಟೊಪ್ಪಿಗೆ, ಅದರ ಮೇಲೆ ಬಂಗಾರದ ಬಣ್ಣದ ಲಂಗರು. ಹಡಗಿನಲ್ಲಿ ಎಡಕ್ಕೆ ಪೋರ್ಟ್ ಎನ್ನುತ್ತಾರೆಂದು ಎಲ್ಲಿಯೋ ಓದಿಕೊಂಡು ಒಮ್ಮೆ ರಿಕ್ಷಾದವನಿಗೆ ಎಡಕ್ಕೆ ತಿರುಗಿಸು ಎನ್ನಲು "ಪೋರ್ಟ್ ಕಡೇ ಘ್ಯಾ" ಎಂದರು. ಅವನು ಹಿಂದೆ ತಿರುಗಿಯೂ ನೋಡದೆ "ಏರ್‌ಪೋರ್ಟ್‌ಲಾ? ಡಬಲ್ ಭಾಡಾ" ಎಂದ. ನಾನು ಪಕ್ಕದಲ್ಲಿಯೇ ಇದ್ದೆ, ಸೆರಗಿನಿಂದ ಬಾಯಿ ಮುಚ್ಚಿಕೊಂಡೆ.

ನನ್ನ ಮಾರ್ತಾಂಡರಾಯರು ಬದುಕಿದ್ದಿದ್ದರೆ ಇಂಥವರನ್ನು ಹೊಸ್ತಿಲು ದಾಟಿಸುತ್ತಿರಲಿಲ್ಲ. ಅವರು ಹೋದ ಮೇಲೆ ಎರಡು ವರ್ಷ ನಾನು ಕೋಥರೂಡದ ಫ್ಲ್ಯಾಟಿನಲ್ಲಿ ಗೋಡೆ ನೋಡುತ್ತ ಕೂತಿದ್ದೆನೆಂದು ಆಗ ಇಲ್ಲಿಯೇ ಇದ್ದ ನೀನೇ ಎಳೆದುಕೊಂಡು ಹೋಗಿ ಈ ಮಂಡಳಿಗೆ ಸೇರಿಸಿದೆ. ಅದಕ್ಕೆ ನಿನಗೆ ನಾನು ಇದುವರೆಗೆ ಉಪಕಾರವಾಯಿತೆಂದು ಹೇಳಿಲ್ಲ. ಈಗಲೂ ಹೇಳುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ.

ಈ ಮಂಡಳಿಯಲ್ಲಿ ಕದ ಬಡಿಯುವ ಪಾಳಿ ಎಂದು ಒಂದಿದೆ. ಎಲ್ಲರೂ ಅರವತ್ತು ದಾಟಿದವರು. ಹಡಗಿನಲ್ಲಿದ್ದಷ್ಟು ದಿನ ಬೆಳಿಗ್ಗೆ ಏಳಕ್ಕೆ ಒಬ್ಬರು ನಮ್ಮ ಆರೂ ಕೋಣೆಯ ಕದ ಬಡಿದು ಎಲ್ಲರೂ ಎದ್ದಿದ್ದಾರೆಯೇ ಎಂದು ನೋಡಬೇಕು. ಸುಮ್ಮನೆ ಬಡಿದು ಹೋಗುವಂತಿಲ್ಲ. ಸಿದ್ದಲಿಂಗಪ್ಪನವರ ಕಾಯದೆ ಏನೆಂದರೆ, ಒಳಗಿದ್ದವರು ಕದ ತೆರೆಯಬೇಕು, ನೆಟ್ಟಗೆ ನಿಲ್ಲಬೇಕು, ತಮ್ಮ ಹೆಸರು ಹೇಳಬೇಕು, ಎರಡೂ ಕೈ ಎತ್ತಿ ನಮಸ್ಕಾರ ಮಾಡಬೇಕು. ಬಡಿದವರು ಹಾಳೆಯ ಮೇಲೆ ಗುರುತು ಹಾಕಬೇಕು. ಈ ಕಾಯದೆ ಕೇಳಿದ ದಿನ ನಾನು, ಇದೇನು ಸ್ಟಾಕ್ ತಪಾಸಣೆಯೇ ಎಂದು ಕೇಳಿದೆ. ಅವರು ಟೊಪ್ಪಿಗೆ ಸರಿಮಾಡಿಕೊಂಡು "ಹಂಗ ತಿಳಕೋರಿ ಬಾಯಾರ" ಎಂದರು. ಯಾಕೆ ಇಂಥ ಕಾಯದೆ ಎಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಮುಂಬೈ ಬಿಟ್ಟ ಮರುದಿನ ಬೆಳಗಿನ ಪಾಳಿಯ ಹಾಳೆಯಲ್ಲಿ ಸಿದ್ದಲಿಂಗಪ್ಪನವರ ಹೆಸರಿದೆ. ಸುದ್ದಿ ಕೇಳಿ ಆ ಕಾಲಿನಲ್ಲಿಯೇ ಬಂದ ನೀನು ಆ ಹಾಳೆಯನ್ನು ಗೋವೆಯ ಆಸ್ಪತ್ರೆಯಲ್ಲಿ ನೋಡಿದೆ. ಅದರಲ್ಲಿ ಮಧುಕರರ ಕೋಣೆಯ ಮುಂದೆ ಸರಿ ಎಂಬ ಗುರುತೂ ಇದೆ. ಏಳು ಗಂಟೆಗೆ ಸರಿ ಇದ್ದವರು ಒಂಬತ್ತೂಕಾಲಿಗೆ ನೆಲದ ಮೇಲೆ ಬಿದ್ದಿದ್ದು ಹೇಗೆ ಎಂದು ನೀನು ಕೇಳಿದ್ದಕ್ಕೆ ಸಿದ್ದಲಿಂಗಪ್ಪ "ತಪ್ಪ ಆತ್ರಿ, ಪಾಳಿ ನಂದ ಇತ್ತು" ಎಂದು ತಲೆ ತಗ್ಗಿಸಿ ನಿಂತರು. ಡಾಕ್ಟರು, ಏಳಕ್ಕೇ ಗೊತ್ತಾಗಿದ್ದರೆ ಕ್ಯಾಪ್ಟನ್ ಹಡಗನ್ನು ಬಿರುಸು ಮಾಡುತ್ತಿದ್ದ, ಔಷಧಿ ಕೊಡುವ ವೇಳೆ ಮೀರುತ್ತಿರಲಿಲ್ಲ, ಕೈಯೂ ಮಾತೂ ಇಷ್ಟು ಹೋಗುತ್ತಿರಲಿಲ್ಲ ಎಂದದ್ದನ್ನು ನಾನೂ ಕೇಳಿದೆ. ಆಗ ನಾನು ನಿನ್ನ ಬೆನ್ನು ಸವರುತ್ತ ನಿಂತಿದ್ದೆ.

ನೀಲೂ, ಆ ಪಾಳಿ ಅವರದಲ್ಲ. ನನ್ನದು.

ಹಿಂದಿನ ದಿನ ಸಂಜೆ ನಾನೇ ಬದಲು ಮಾಡಿಕೊಂಡಿದ್ದೆ. ನನ್ನ ಪಾಳಿ ಅವರದಾದ ಮರುದಿನ ಇತ್ತು, ಗೋವೆ ನೋಡಲು ಇಳಿಯುವ ಗದ್ದಲದಲ್ಲಿ ಮಾಡಬೇಕಾಗುತ್ತಿತ್ತು, ಅದಕ್ಕೆ ನಿಮ್ಮದು ನನಗೆ ಕೊಡಿ ಎಂದೆ. ಅವರು ಹ್ಞೂ ಎಂದರು. ಹಾಳೆಯ ಮೇಲೆ ಹೆಸರು ತಿದ್ದಲಿಲ್ಲ, ಅಷ್ಟೇ.

ಏಳಕ್ಕೆ ಹೋಗಿ ಮಧುಕರರ ಕೋಣೆಯ ಕದ ಬಡಿದೆ. ಜೊತೆಗಿದ್ದ ಪ್ರಲ್ಹಾದರು ಐದಕ್ಕೇ ಎದ್ದು ಡೆಕ್ಕಿನ ಮೇಲೆ ಸುತ್ತು ಹಾಕಲು ಹೋಗಿದ್ದರು. ಬಹಳ ಹೊತ್ತಿನ ಮೇಲೆ ಮಧುಕರರು ಗೋಡೆ ಹಿಡಿದುಕೊಂಡು ಬಂದು ಕದ ತೆರೆದರು. ಬನಿಯನ್ನಿನ ಮೇಲೆ ವಾಂತಿಯಾಗಿತ್ತು. ತಲೆ ತಿರುಗುತ್ತಿದೆ ಎಂದು ಕೈಸನ್ನೆ ಮಾಡಿದರು. ನಾನು ಮೂಗು ಮುಚ್ಚಿಕೊಂಡೆ. ನಗುತ್ತ "ಬೋಟ ಲಾಗಲೀ ತುಮ್ಹಾಲಾ" ಎಂದೆ.

ನೋಡು, ನಲವತ್ತು ವರ್ಷ ಪುಣೆಯಲ್ಲಿದ್ದ ಧಾರವಾಡದವರಿಗೆ ಮಾತ್ರ ಆಗುವ ತಪ್ಪು ಇದು. ನಮ್ಮ ಮನೆಯಲ್ಲಿ ಹಡಗಿನ ಬೇನೆಗೆ ಒಂದು ಮಾತೇ ಇರಲಿಲ್ಲ, ನಮ್ಮ ಅಜ್ಜಂದಿರು ಯಾರು ಹಡಗು ಹತ್ತಿದ್ದರು? ಮರಾಠಿಯಲ್ಲಿ ಮಾತು ತಯಾರಿತ್ತು. ಬಸ್ಸಿನಲ್ಲಿ ವಾಂತಿಯಾದರೆ ಬಸ್ ಲಾಗಲಿ, ಹಡಗಿನಲ್ಲಿ ಆದರೆ ಬೋಟ ಲಾಗಲಿ. ಮಂಡಳಿಯವರಿಗೆ ಹಡಗಿನ ಮೇಲೆ ಹೊಟ್ಟೆ ಕೆಟ್ಟರೂ ಬೋಟ ಲಾಗಲಿ, ನಿದ್ದೆ ಬರದಿದ್ದರೂ ಬೋಟ ಲಾಗಲಿ. ಹೆಸರು ಸಿಕ್ಕಿತೆಂದರೆ ರೋಗ ಸಿಕ್ಕಿತು ಎಂದುಕೊಳ್ಳುವ ಜನ. ನಾನು ಅವರನ್ನು ನೋಡಿ ನಗುತ್ತಿದ್ದೆ, ನನ್ನ ಬಾಯಿಂದಲೂ ಬಂದದ್ದು ಅದೇ.

ನಿಲ್ಲಿ, ಹೆಸರು ಹೇಳಿ, ಎರಡೂ ಕೈ ಎತ್ತಿ ಎಂದು ನಾನು ಹೇಳಲಿಲ್ಲ. ಹೇಳಿದ್ದರೆ ಬಲಗೈ ಏಳುತ್ತಿರಲಿಲ್ಲ, ಅಲ್ಲಿಯೇ ಗೊತ್ತಾಗುತ್ತಿತ್ತು. ಮನೆಯಲ್ಲಿ ಪುಸ್ತಕದ ಕಪಾಟು ಇಟ್ಟುಕೊಂಡವಳು, ಕಾಲೇಜಿನ ಆಫೀಸಿನಲ್ಲಿ ಹೆಡ್ ಕ್ಲಾರ್ಕ್ ಆಗಿದ್ದವಳು, ಸ್ಟೋರ್ ಕೀಪರನ ಕಾಯದೆ ನಾನು ಯಾಕೆ ಪಾಲಿಸಲಿ? ಪರ್ಸಿನಿಂದ ಒಂದು ಆಲೇಪಾಕದ ವಡಿ ತೆಗೆದು ಅವರ ಎಡಗೈಗೆ ಕೊಟ್ಟೆ, ಶುಂಠಿ ಬಾಯಲ್ಲಿ ಇಟ್ಟುಕೊಂಡು ಮಲಗಿರಿ ಎಂದೆ. ಸರಿ ಎಂದು ಗುರುತು ಹಾಕಿ ಮುಂದಿನ ಕೋಣೆಗೆ ಹೋದೆ. ಇವರ ಮೇಲೆ ಒಂದು ಕಣ್ಣಿಡು ಗೋದೂ ಎಂದು ನೀನು ಹಾಸಿಗೆಯಲ್ಲಿ ಮಲಗಿ ಹೇಳಿ ಕಳಿಸಿದ್ದೆ. ನಾನು ಇಟ್ಟ ಕಣ್ಣು ಅಷ್ಟು.

ಒಂಬತ್ತಕ್ಕೆ ತಿಂಡಿಗೆ ಕೂತಾಗ ಸಿದ್ದಲಿಂಗಪ್ಪ ಉಪ್ಪಿಟ್ಟು ಅರ್ಧಕ್ಕೇ ಬಿಟ್ಟು ಎದ್ದು ಹೋದರು. ಕೋಣೆಯಲ್ಲಿ ಮಧುಕರರನ್ನು ಕಂಡು, ಹಡಗಿನ ಡಾಕ್ಟರನ್ನು ಕೈಹಿಡಿದು ಎಳೆದು ತಂದವರು ಅವರೇ. ಯಾಕೆ ಎದ್ದು ಹೋದರೋ, ಹೇಗೆ ತಿಳಿಯಿತೋ ಅವರನ್ನೇ ಕೇಳಬೇಕು.

ಮುಂದಿನದು ನಿನಗೆ ಗೊತ್ತು. ಗೋವೆಯಲ್ಲಿ ಮಧುಕರರನ್ನು ಇಳಿಸಿದಾಗ ಉಳಿದ ಹನ್ನೊಂದೂ ಜನ ಚೀಲ ಹಿಡಿದು ಹಿಂದೆಯೇ ಇಳಿದೆವು. ಲಕ್ಷದ್ವೀಪ ನೋಡುವುದಕ್ಕೆ ಎರಡು ವರ್ಷ ಕಾದವರು! ಯಾರೂ ಯಾರಿಗೂ ಹೇಳಲಿಲ್ಲ, ಕೇಳಲಿಲ್ಲ, ಕುರಿಗಳಂತೆ ಇಳಿದುಬಿಟ್ಟರು. ಒಂಬತ್ತು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಪಾಳಿ. ಭೀಮವ್ವ ಲಾಡ್ಜಿನ ಮಾಲಕನೊಡನೆ ಜಗಳಾಡಿ ಅವನ ಅಡಿಗೆಮನೆ ಹಿಡಿದು ಗಂಜಿ ಕಾಸಿದಳು. ನಾಲ್ಕು ದಿನ ಅಡಿಗೆ ತಪ್ಪಿಸಿಕೊಳ್ಳಲೆಂದು ಬಂದಿದ್ದವಳು. ಈಗಲೂ ಸಂಜೆ ಐದಕ್ಕೆ ದಿನಕ್ಕೊಬ್ಬರು ಮಧುಕರರಿಗೆ ಫೋನು ಹಚ್ಚಿ ಮಾತಾಡಿಸುತ್ತಾರಲ್ಲ, ಆ ಪಾಳಿಯ ಹಾಳೆ ಬರೆಯುವವರು ಸಿದ್ದಲಿಂಗಪ್ಪ. ತಮ್ಮ ಹೆಸರು ಅದರಲ್ಲಿ ಹಾಕಿಕೊಂಡಿಲ್ಲ. ನೀನು ಫೋನು ಇಟ್ಟುಬಿಡುತ್ತೀಯೆಂದು ಅವರಿಗೆ ಗೊತ್ತು.

ಆಸ್ಪತ್ರೆಯಲ್ಲಿ ನೀನು ಅವರಿಗೆ ಆಡಿದ ಮಾತು ಕೇಳಿ ನಾನು ಹಿಂದಿನಿಂದ ಹೋಗಿ, ನಿಜ ಹೇಳಿಬಿಡುತ್ತೇನೆ ಎಂದೆ. ಅವರು ಬೇಡವೆಂದರು. "ನೀಲಿಮಾಬಾಯಾರು ಯಾರ ಮ್ಯಾಲರೆ ಸಿಟ್ಟ ಹಾಕಬೇಕಲ್ರಿ. ನನ್ನ ಮ್ಯಾಲ ಹಾಕ್ಲಿ, ನಾ ಅವರಿಗೆ ಯಾರೂ ಅಲ್ಲ. ನೀವ ಹ್ವಾದ್ರ ಅವರಿಗೆ ಯಾರ ಅದಾರ?" ಇದನ್ನು ಕೇಳಿ ನನಗೆ ಸಮಾಧಾನವಾಯಿತು ನೀಲೂ. ನಾಚಿಕೆಯಲ್ಲ, ಸಮಾಧಾನ. ಉಳಿದವರಿಗೂ ಗೊತ್ತಿತ್ತು, ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡರು. ನಾನು ಗೇಲಿ ಮಾಡಿದವರೆಲ್ಲ ಸೇರಿ ನನ್ನನ್ನು ಸೆರಗಿನಲ್ಲಿ ಮುಚ್ಚಿಟ್ಟರು. ಎರಡು ತಿಂಗಳಿಂದ ಸಭೆಯಲ್ಲಿ ಭೀಮವ್ವ ನನಗೇ ಮೊದಲು ಚಹಾ ಕೊಡುತ್ತಾಳೆ. ಅವರ ದಯೆಯಷ್ಟು ನನ್ನನ್ನು ರೇಗಿಸುವಂಥದ್ದು ಈ ಜಗತ್ತಿನಲ್ಲಿ ಮತ್ತೊಂದಿಲ್ಲ.

ಸಿದ್ದಲಿಂಗಪ್ಪ ಹೋದ ತಿಂಗಳ ಸಭೆಯಲ್ಲಿ ತಾವಾಗಿಯೇ ಟೊಪ್ಪಿಗೆ ತೆಗೆದು ಮೇಜಿನ ಮೇಲೆ ಇಟ್ಟು, ಬೇರೆಯವರನ್ನು ಆರಿಸಿಕೊಳ್ಳಿ ಎಂದರು. ಟೊಪ್ಪಿಗೆ ಇಲ್ಲದ ಅವರ ತಲೆಯನ್ನು ನಾನು ನೋಡಿದ್ದು ಅದೇ ಮೊದಲು. ಹೆಂಡತಿ ಇಲ್ಲ, ಮಕ್ಕಳಿಲ್ಲ, ಚಾಕಣದಲ್ಲಿ ಒಂದು ಬಾಡಿಗೆ ಕೋಣೆ. ಈ ಹನ್ನೆರಡು ಮಂದಿಯನ್ನು ಬಿಟ್ಟರೆ ಅವರಿಗೆ ಎಣಿಸಲು ಯಾರೂ ಇಲ್ಲ. ಅದನ್ನೂ ನನ್ನ ಕೈಯಿಂದಲೇ ಕಿತ್ತುಕೊಳ್ಳಿಸಬೇಕೆಂದು ನೀನು ಪತ್ರ ಬರೆದೆ. ತಪ್ಪು ನಿನ್ನದಲ್ಲ, ನಿನಗೆ ಗೊತ್ತಿರಲಿಲ್ಲ.

ನಿನ್ನ ಪತ್ರದಲ್ಲಿ ಒಂದು ಸಾಲಿದೆ. ಸಿದ್ದಲಿಂಗಪ್ಪನ ಹೆಸರು ಎತ್ತಿದರೆ ಸಾಕು, ಇವರು ಎಡಗೈ ಬೀಸಿ ಅಲ್ಲ ಅಲ್ಲ ಎಂದು ಒದರುತ್ತಾರೆ, ಅಷ್ಟು ಸಿಟ್ಟಿದೆ ಎಂದು ಬರೆದಿದ್ದೀಯ. ಅದು ಸಿಟ್ಟಲ್ಲ. ಕದದ ಮುಂದೆ ನಿಂತವಳು ಯಾರೆಂದು ಅವರಿಗೆ ನೆನಪಿದೆ. ಎರಡು ತಿಂಗಳಿಂದ ಹೇಳುತ್ತಿದ್ದಾರೆ, ನೀನು ತಪ್ಪು ತಿಳಿದುಕೊಂಡೆ. ಆ ಸಾಲು ಓದಿದ ಮೇಲೆ ನನಗೆ ಪೆನ್ನು ಹಿಡಿಯದೆ ಗತಿಯಿರಲಿಲ್ಲ.

ಇಪ್ಪತ್ಮೂರಕ್ಕೆ ಇದನ್ನೇ ಓದಿಸು. ಯಾರನ್ನು ಹೊರಗೆ ಹಾಕಬೇಕೆಂದು ಮಂಡಳಿಯವರೇ ನಿರ್ಧರಿಸಲಿ. ನಾನು ಸಭೆಯಲ್ಲಿ ಇರುತ್ತೇನೆ. ಗೆಳೆತನದ ವಿಷಯ ನಾನೇನೂ ಕೇಳುವುದಿಲ್ಲ, ಕೇಳುವ ಮುಖವೂ ಇಲ್ಲ. ನಿನ್ನ ಕಾಲಿನ ಬಗ್ಗೆ ಒಂದು ಕಾರ್ಡಿನ ಮೇಲಾದರೂ ಎರಡು ಸಾಲು ಬರೆ. ಆ ಪೋಸ್ಟಿನವರೆಗೆ ಮಾತ್ರ ನೀನೇ ನಡೆಯಬೇಡ, ಯಾರನ್ನಾದರೂ ಕಳಿಸು.

ನಿನ್ನ,
ಗೋದಾ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ಸಿದ್ದಲಿಂಗಪ್ಪ ತಿಂಡಿ ಬಿಟ್ಟು ಯಾಕೆ ಎದ್ದು ಹೋದರೆಂದು ಗೊತ್ತಿಲ್ಲ ಎಂಬಂತೆ ಮೇಲೆ ಬರೆದಿದ್ದೇನೆ. ಗೊತ್ತಿದೆ. ಮಧುಕರರು ಕದದ ಹತ್ತಿರ ಕೈಸನ್ನೆಯನ್ನಷ್ಟೇ ಮಾಡಲಿಲ್ಲ, ಮಾತೂ ಆಡಿದರು. ನಾಲಿಗೆ ದಪ್ಪವಾಗಿತ್ತು, ಅಕ್ಷರ ಒಂದರ ಮೇಲೊಂದು ಬೀಳುತ್ತಿದ್ದವು. ನನಗೆ ತಮಾಷೆಯೆನಿಸಿತು. ತಿಂಡಿಯ ಮೇಜಿಗೆ ಬಂದು ಬಾಯಿ ಸೊಟ್ಟ ಮಾಡಿ, ಅದೇ ದನಿಯಲ್ಲಿ, ಅವರು ಅಂದದ್ದನ್ನು ಅಂದು ತೋರಿಸಿದೆ. ಮೇಜೆಲ್ಲ ನಕ್ಕಿತು. ಸಿದ್ದಲಿಂಗಪ್ಪ ಒಬ್ಬರೇ ಚಮಚ ಕೆಳಗಿಟ್ಟರು. "ನಮ್ಮಾಕಿ ಸಾಯೂ ಮುಂದ ಹನ್ನೊಂದ ತಿಂಗಳಾ ಹಿಂಗ ಮಾತಾಡ್ತಿದ್ಳು" ಎಂದು ಹೇಳಿ ಓಡಿದರು. ಮಧುಕರರು ನನಗೆ ಅಂದದ್ದು ಇಷ್ಟೇ: "ನೀಲೂಗ ಫೋನ್ ಹಚ್ರಿ." ಒಂದು ರಾತ್ರಿಗೇ ಹೆಂಡತಿ ಬೇಕಾದಳು ನೋಡಿರಿ ಎಂದು ನಾನು ಎಲ್ಲರನ್ನೂ ನಗಿಸಿದೆ.